ಇನ್ನೂರು ಜನರ ಮುನಿಸಿಪಾಲಿಟಿ: ಉತ್ಸಿರಾ ದ್ವೀಪ ಹೇಗೆ ನಡೆಯುತ್ತದೆ?

ಪ್ರಶ್ನೆ: ನನ್ನ ಮಗಳು ನಾರ್ವೆಯ ಸ್ಟವಾಂಗರ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಉತ್ಸಿರಾ ಅಂತ ಒಂದು ದ್ವೀಪ ಇದೆಯಂತೆ. ಇರೋದೇ ಸುಮಾರು 200 ಜನ, ಆದರೂ ಸ್ವಂತ ಮುನಿಸಿಪಾಲಿಟಿ, ಮೇಯರ್, ಶಾಲೆ ಎಲ್ಲ ಇದೆ ಅಂದಳು. ನಮ್ಮ ಕೇರಿಯಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಇಷ್ಟು ಕಡಿಮೆ ಜನ ಅದನ್ನೆಲ್ಲ ಹೇಗೆ ನಡೆಸುತ್ತಾರೆ? ಅಷ್ಟು ಕಷ್ಟಪಟ್ಟು ಸಮುದ್ರದ ನಡುವೆ ಇರೋ ಬದಲು ದಡಕ್ಕೆ ಬಂದುಬಿಡಬಾರದಾ? — ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಜನಸಂಖ್ಯೆಯಲ್ಲಿ ಇದು ನಾರ್ವೆಯ ಅತಿ ಸಣ್ಣ ಮುನಿಸಿಪಾಲಿಟಿ. ಕರ್ನಾಟಕದ ಲೆಕ್ಕ ಇಟ್ಟರೆ ಇನ್ನೂ ತಮಾಷೆ ಆಗುತ್ತದೆ. ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿ 400 ಜನಕ್ಕೆ ಒಬ್ಬ ಗ್ರಾಮ ಪಂಚಾಯತಿ ಸದಸ್ಯ. ಆ ಲೆಕ್ಕದಲ್ಲಿ ಉತ್ಸಿರಾಕ್ಕೆ ಅರ್ಧ ಸದಸ್ಯ ಸಿಗಬೇಕು! ಅಲ್ಲಿ ಇರೋದು ಇಡೀ ಕೌನ್ಸಿಲ್.

ನಿಮ್ಮ ಎರಡನೇ ಪ್ರಶ್ನೆ, ದಡಕ್ಕೆ ಬಂದುಬಿಡಬಾರದಾ ಅನ್ನೋದು, ಮೊದಲನೆಯದಕ್ಕಿಂತ ದೊಡ್ಡದು. ಅದನ್ನು ನಾರ್ವೆಯ ಸರ್ಕಾರವೇ ಒಂದು ಕಾಲದಲ್ಲಿ ಗಂಭೀರವಾಗಿ ಕೇಳಿತ್ತು. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ದೂರದ ದ್ವೀಪಗಳಿಂದ ಎದ್ದು ಬರುವ ಕುಟುಂಬಗಳಿಗೆ ಸರ್ಕಾರ ಹಣ ಕೊಡುತ್ತಿತ್ತು. ಎಷ್ಟೋ ದ್ವೀಪಗಳು ಹಾಗೆ ಖಾಲಿಯಾದವು. ಇವತ್ತು ಅಲ್ಲಿ ಬೇಸಿಗೆಗೆ ಬಂದು ಹೋಗುವವರ ಮನೆಗಳಷ್ಟೇ ಇವೆ. ಉತ್ಸಿರಾ ಖಾಲಿಯಾಗಲಿಲ್ಲ. ಯಾಕೆ ಅಂತ ಹೇಳೋಕೆ ಮೊದಲು ನೆಲ ಮತ್ತು ನೀರಿನಿಂದ ಶುರು ಮಾಡಬೇಕು.

ನಕ್ಷೆಯಲ್ಲಿ ಹೌಗೆಸುನ್ ಎಂಬ ಊರು ಹುಡುಕಿ. ಅದು ಸ್ಟವಾಂಗರ್‌ಗೆ ಉತ್ತರದಲ್ಲಿ, ರೋಗಾಲಾಂಡ್ ಜಿಲ್ಲೆಯಲ್ಲಿದೆ. ಅಲ್ಲಿಂದ ನೇರ ಪಶ್ಚಿಮಕ್ಕೆ ಸುಮಾರು 18 ಕಿಲೋಮೀಟರ್ ಹೋದರೆ ಉತ್ಸಿರಾ. ನಾರ್ವೆಯ ಕರಾವಳಿ ತುಂಬ ದ್ವೀಪಗಳಿವೆ, ಆದರೆ ಹೆಚ್ಚಿನವು ಒಂದಕ್ಕೊಂದು ಆಸರೆಯಾಗಿ, ದಡಕ್ಕೆ ಅಂಟಿಕೊಂಡೇ ಇರುತ್ತವೆ. ಉತ್ಸಿರಾ ಹಾಗಲ್ಲ. ಅದು ಒಂಟಿ. ಸುತ್ತ ತೆರೆದ ಉತ್ತರ ಸಮುದ್ರ. ಪಶ್ಚಿಮದಿಂದ ಬರುವ ಅಲೆಗೆ ದಾರಿಯಲ್ಲಿ ಅಡ್ಡ ಏನೂ ಇಲ್ಲ.

ದ್ವೀಪದ ವಿಸ್ತೀರ್ಣ ಸುಮಾರು 6 ಚದರ ಕಿಲೋಮೀಟರ್. ಒಂದು ಬೆಳಿಗ್ಗೆ ಇದ್ದರೆ ಈ ತುದಿಯಿಂದ ಆ ತುದಿಗೆ ಆರಾಮಾಗಿ ನಡೆದು ಬರಬಹುದು. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಬಂಡೆಗುಡ್ಡದ ಸಾಲು, ನಡುವೆ ಒಂದು ತಗ್ಗು. ಗುಡ್ಡಗಳೂ ಅಷ್ಟೇನು ಎತ್ತರವಿಲ್ಲ, ಸುಮಾರು 70 ಮೀಟರ್ ಅಷ್ಟೇ. ಮನೆ, ಗದ್ದೆ, ರಸ್ತೆ, ಶಾಲೆ ಬಹುತೇಕ ಆ ತಗ್ಗಿನಲ್ಲೇ ಇವೆ. ಗಾಳಿ ಸ್ವಲ್ಪ ಕಡಿಮೆ ಬೀಸುವ ಜಾಗ ಅದೊಂದೇ ಆದ್ದರಿಂದ. ಹೊಲ ಹಸನು ಮಾಡುವಾಗ ಎತ್ತಿದ ಕಲ್ಲುಗಳನ್ನೇ ಪೇರಿಸಿ ಕಟ್ಟಿದ ಗೋಡೆಗಳು ದ್ವೀಪದ ಉದ್ದಗಲಕ್ಕೂ ಹರಡಿವೆ. ಗಾರೆ ಇಲ್ಲ, ಸುಮ್ನೆ ಕಲ್ಲಿನ ಮೇಲೆ ಕಲ್ಲು. ಕುರಿ ಆಚೆ ಹೋಗದಂತೆ ತಡೆಯುವುದೂ ಅದೇ, ಬೆಳೆಗೆ ಗಾಳಿಯ ಹೊಡೆತ ತಗ್ಗಿಸುವುದೂ ಅದೇ.

ನಾರ್ವೆ ಅಂದ ತಕ್ಷಣ ನಮಗೆ ಹಿಮ ನೆನಪಾಗುತ್ತದೆ ಅಲ್ವಾ? ಉತ್ಸಿರಾದಲ್ಲಿ ಹಿಮ ಬಿದ್ದರೂ ಜಾಸ್ತಿ ದಿನ ನಿಲ್ಲುವುದಿಲ್ಲ. ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಪಕ್ಕದಲ್ಲೇ ಹರಿಯುವುದರಿಂದ ಜನವರಿಯ ಸರಾಸರಿ ಉಷ್ಣಾಂಶವೂ ಶೂನ್ಯಕ್ಕಿಂತ ಮೇಲೇ ಇರುತ್ತದೆ. ಅಲ್ಲಿಯವರಿಗೆ ಚಳಿ ಸಮಸ್ಯೆಯಲ್ಲ, ಗಾಳಿ ಸಮಸ್ಯೆ.

ಈಗ ಬಂದರಿನ ವಿಷಯ. ದ್ವೀಪವನ್ನು ಅರ್ಥ ಮಾಡಿಕೊಳ್ಳೋಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಇಷ್ಟು ಪುಟ್ಟ ದ್ವೀಪಕ್ಕೆ ಎರಡು ಬಂದರು ಇವೆ: ತಗ್ಗಿನ ಉತ್ತರ ತುದಿಯಲ್ಲಿ ಒಂದು, ದಕ್ಷಿಣ ತುದಿಯಲ್ಲಿ ಒಂದು. ಗಾಳಿ ದಕ್ಷಿಣದಿಂದ ಬಂದರೆ ಉತ್ತರದ ಬಂದರು ಶಾಂತ, ಉತ್ತರದಿಂದ ಬಂದರೆ ದಕ್ಷಿಣದ್ದು. ಹೌಗೆಸುನ್‌ನಿಂದ ಹೊರಡುವ ಫೆರಿಗೆ ಸುಮಾರು ಒಂದು ಗಂಟೆ ಹತ್ತು ನಿಮಿಷದ ದಾರಿ. ಅದು ಯಾವ ಕಡೆ ನಿಲ್ಲಬೇಕು ಅನ್ನೋದರಲ್ಲಿ ಹವೆಯ ಮಾತೇ ಕೊನೆಯದು. ಹಾಲು, ಬ್ರೆಡ್ಡು, ಔಷಧಿ, ಅಂಚೆ, ಸಿಮೆಂಟು, ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾದ ಅಜ್ಜಿ, ಎಲ್ಲರೂ ಎಲ್ಲವೂ ಅದೇ ಹಡಗಿನಲ್ಲಿ. ಬಿರುಗಾಳಿ ಜೋರಾದರೆ ಎರಡೂ ಬಂದರು ಆಗುವುದಿಲ್ಲ, ಹಡಗು ಹೊರಡುವುದೇ ಇಲ್ಲ. ಶರತ್ಕಾಲ ಮತ್ತು ಚಳಿಗಾಲದಲ್ಲಿ ಇದು ಅಪರೂಪವೇನಲ್ಲ.

ಬಂದರುಗಳಿಗೆ ಇನ್ನೊಂದು ಕಾರಣವೂ ಇತ್ತು: ಹೆರಿಂಗ್ ಮೀನು. ನಮ್ಮ ಕರಾವಳಿಯ ಬೂತಾಯಿಯ ಬಳಗದ್ದೇ ಇದು, ಗಾತ್ರದಲ್ಲಿ ದೊಡ್ಡದು. 19ನೇ ಶತಮಾನದಲ್ಲಿ ಚಳಿಗಾಲದ ಕೊನೆಗೆ ಮೊಟ್ಟೆ ಇಡೋಕೆ ಹೆರಿಂಗ್ ದಂಡು ದಂಡಾಗಿ ಈ ಕರಾವಳಿಗೆ ಬರುತ್ತಿತ್ತು. ಹೌಗೆಸುನ್ ಎಂಬ ನಗರ ಬೆಳೆದದ್ದೇ ಆ ಮೀನಿನ ಮೇಲೆ. ಮೀನು ಹಿಡಿಯುವ ಜಾಗಕ್ಕೆ ಉತ್ಸಿರಾ ಎಲ್ಲಕ್ಕಿಂತ ಹತ್ತಿರ. ಹಾಗಾಗಿ ಸುಗ್ಗಿಯಲ್ಲಿ ದ್ವೀಪದವರಿಗಿಂತ ಎಷ್ಟೋ ಪಟ್ಟು ಹೊರಗಿನ ಮೀನುಗಾರರು ಬಂದು ತುಂಬುತ್ತಿದ್ದರು. ಅಲೆ ತಡೆಯುವ ಕಲ್ಲಿನ ಗೋಡೆ ಕಟ್ಟಿ ಬಂದರನ್ನು ಭದ್ರ ಮಾಡಿದ್ದು ಆ ಶತಮಾನದಲ್ಲೇ. 1844ರಲ್ಲಿ ಪಶ್ಚಿಮದ ಗುಡ್ಡದ ಮೇಲೆ ದೀಪಸ್ತಂಭವೂ ಬಂತು. ಒಂದಲ್ಲ, ಜೋಡಿ ಗೋಪುರ. ಆಗಿನ ದೀಪಗಳು ಎಲ್ಲ ಒಂದೇ ಥರ ಕಾಣುತ್ತಿದ್ದವು. ಎರಡು ಬೆಳಕು ಪಕ್ಕಪಕ್ಕ ಕಂಡರೆ ನಾವಿಕನಿಗೆ ‘ಇದು ಉತ್ಸಿರಾ’ ಅಂತ ಗೊತ್ತಾಗಲಿ ಎಂಬ ಲೆಕ್ಕಾಚಾರ. ಮಿನುಗುವ ದೀಪ ಬಂದ ಮೇಲೆ ಒಂದೇ ಸಾಕಾಯಿತು. ಇನ್ನೊಂದು ಗೋಪುರ ಈಗಲೂ ಹಾಗೇ ನಿಂತಿದೆ. 2004ರಲ್ಲಿ ದೀಪ ಪೂರ್ತಿ ಸ್ವಯಂಚಾಲಿತವಾಯಿತು.

ಹೆರಿಂಗ್ ನಂಬಿಕಸ್ಥ ಮೀನಲ್ಲ. ದಶಕಗಟ್ಟಲೆ ಬರುತ್ತದೆ, ಆಮೇಲೆ ದಶಕಗಟ್ಟಲೆ ನಾಪತ್ತೆ. 1960ರ ದಶಕದ ಕೊನೆಗೆ ಮಿತಿಮೀರಿ ಹಿಡಿದದ್ದರಿಂದ ಸಂತತಿಯೇ ಕುಸಿಯಿತು. ಒಂದೇ ಮೀನು ನಂಬಿದ ಊರುಗಳಿಗೆ ದೊಡ್ಡ ಏಟು ಬಿತ್ತು. ಉತ್ಸಿರಾದಲ್ಲೂ ಜನ ಕಡಿಮೆಯಾದರು. ಆದರೆ ಊರು ಉಳಿಯಿತು.

ನನ್ನ ಪ್ರಕಾರ ಅದಕ್ಕೆ ಮುಖ್ಯ ಕಾರಣ 1924ರಲ್ಲಿ ಆದ ಒಂದು ಕಾಗದದ ಕೆಲಸ. ಅಲ್ಲಿಯವರೆಗೆ ಉತ್ಸಿರಾ, ಒಳಗಿನ ತೊರ್ವಾಸ್ಟಾಡ್ ಎಂಬ ಮುನಿಸಿಪಾಲಿಟಿಯ ಒಂದು ಮೂಲೆಯಾಗಿತ್ತು. ಆ ವರ್ಷ ಅದನ್ನು ಬೇರೆ ಮಾಡಿ ಸ್ವಂತ ಮುನಿಸಿಪಾಲಿಟಿ ಮಾಡಿದರು. ನಾರ್ವೆಯಲ್ಲಿ ಇದು ಬರೀ ಬೋರ್ಡು ಬದಲಾಯಿಸುವ ವಿಷಯ ಅಲ್ಲ. ಅಲ್ಲಿ ಈಗ 357 ಮುನಿಸಿಪಾಲಿಟಿಗಳಿವೆ. ಏಳು ಲಕ್ಷ ಜನರ ಓಸ್ಲೋಗೂ ಇನ್ನೂರು ಜನರ ಉತ್ಸಿರಾಕ್ಕೂ ಮೂಲ ಹೊಣೆ ಹೆಚ್ಚುಕಡಿಮೆ ಒಂದೇ. ಶಿಶುವಿಹಾರ, ಹತ್ತನೇ ತರಗತಿವರೆಗಿನ ಶಾಲೆ, ಪ್ರಾಥಮಿಕ ಆರೋಗ್ಯ, ವಯಸ್ಸಾದವರ ಆರೈಕೆ, ಕುಡಿಯುವ ನೀರು, ಅಗ್ನಿಶಾಮಕ, ಜಾಗದ ಯೋಜನೆ, ಎಲ್ಲ ಸ್ಥಳೀಯ ಸಂಸ್ಥೆಯದ್ದೇ. ಸಣ್ಣವರು ಅಂತ ರಿಯಾಯಿತಿ ಇಲ್ಲ.

ಹಣ? ದ್ವೀಪದ ತೆರಿಗೆಯಿಂದ ಇದೆಲ್ಲ ನಡೆಯೋದು ಸಾಧ್ಯವೇ ಇಲ್ಲ. ಇಡೀ ದೇಶದಲ್ಲಿ ತೆರಿಗೆಯನ್ನು ಸರಿದೂಗಿಸಿ ಹಂಚುವ ವ್ಯವಸ್ಥೆ ಇದೆ. ಜನ ಕಡಿಮೆ, ದೂರ ಜಾಸ್ತಿ ಇರುವ ಕಡೆ ತಲಾ ವೆಚ್ಚ ಹೆಚ್ಚು ಅಂತ ಒಪ್ಪಿಕೊಂಡು ಕೇಂದ್ರ ಸರ್ಕಾರ ಹೆಚ್ಚು ಅನುದಾನ ಕೊಡುತ್ತದೆ. ಓಸ್ಲೋದಲ್ಲಿ ಕೂತವರು ಕೆಲವರು ‘ಇದೆಲ್ಲ ದುಬಾರಿ’ ಅಂತ ಗೊಣಗುತ್ತಾರೆ. 2014ರಿಂದ 2020ರವರೆಗೆ ಸಣ್ಣ ಮುನಿಸಿಪಾಲಿಟಿಗಳನ್ನು ಒಟ್ಟು ಮಾಡುವ ದೊಡ್ಡ ಸುಧಾರಣೆಯೇ ನಡೆಯಿತು. 428 ಇದ್ದದ್ದು 356ಕ್ಕೆ ಇಳಿಯಿತು. ಉತ್ಸಿರಾ ಮಾತ್ರ ಯಾರ ಜೊತೆಗೂ ಸೇರಲಿಲ್ಲ. ಒಬ್ಬರಿಂದಲೇ ಆಗದ ಕೆಲಸಗಳನ್ನು ಅಕ್ಕಪಕ್ಕದ ದೊಡ್ಡ ಮುನಿಸಿಪಾಲಿಟಿಗಳ ಜೊತೆ ಒಪ್ಪಂದ ಮಾಡಿಕೊಂಡು ನಡೆಸುವ ದಾರಿ ಇಂಥ ಊರುಗಳಿಗೆ ಇದೆ. ದೊಡ್ಡ ಆಸ್ಪತ್ರೆ ಬೇಕೆಂದರೆ ಹೌಗೆಸುನ್.

ಸ್ವಂತ ಕೌನ್ಸಿಲ್ ಇದ್ದರೆ ಏನಾಗುತ್ತದೆ ಅಂದರೆ, ‘ಮಕ್ಕಳು ಕಡಿಮೆ, ಶಾಲೆ ಮುಚ್ಚೋಣವಾ?’ ಎಂಬ ಪ್ರಶ್ನೆ ದ್ವೀಪದೊಳಗೇ ತೀರ್ಮಾನ ಆಗುತ್ತದೆ. ತೊರ್ವಾಸ್ಟಾಡ್‌ನ ಭಾಗವಾಗಿಯೇ ಉಳಿದಿದ್ದರೆ ಆ ಪ್ರಶ್ನೆಗೆ ಯಾವಾಗಲೋ ಉತ್ತರ ಸಿಕ್ಕಿಬಿಡುತ್ತಿತ್ತು ಅಂತ ನನಗನ್ನಿಸುತ್ತದೆ. ಶಾಲೆ ಮುಚ್ಚಿದ ದ್ವೀಪಕ್ಕೆ ಎಳೆಯ ಸಂಸಾರ ಬರುವುದಿಲ್ಲ. ಆಮೇಲೆ ಉಳಿಯೋದು ಮುದುಕರು, ಅವರ ನಂತರ ಯಾರೂ ಇಲ್ಲ.

ಹೊಸ ಮುನಿಸಿಪಾಲಿಟಿಯ ಮೊದಲ ವರ್ಷಗಳಲ್ಲೇ ಒಂದು ಸ್ವಾರಸ್ಯ ನಡೆಯಿತು. ನಾರ್ವೆಯ ಚುನಾವಣಾ ಪದ್ಧತಿಯಲ್ಲಿ, ಪಕ್ಷಗಳು ಅಭ್ಯರ್ಥಿ ಪಟ್ಟಿ ಕೊಡದ ಸಣ್ಣ ಊರುಗಳಲ್ಲಿ ಮತದಾರರು ತಮಗೆ ಬೇಕಾದ ಊರವರ ಹೆಸರನ್ನು ಚೀಟಿಯಲ್ಲಿ ಬರೆದು ಹಾಕಬಹುದಿತ್ತು. ಆಯ್ಕೆಯಾದವರು ‘ನನಗೆ ಬೇಡ’ ಅಂತ ಸುಮ್ಮನೆ ಜಾರಿಕೊಳ್ಳುವ ಹಾಗಿಲ್ಲ, ಅದು ಕರ್ತವ್ಯ. 1925ರ ಚುನಾವಣೆಯಲ್ಲಿ ಚೀಟಿ ಎಣಿಸಿದಾಗ 12 ಸ್ಥಾನಗಳಲ್ಲಿ 11 ಹೆಂಗಸರಿಗೆ ಬಂದಿತ್ತು! ಗಂಡಸರು ತಮಾಷೆಗೆ ಹಾಗೆ ಬರೆದರು ಅಂತ ಒಂದು ಕಥೆ, ರಾಜಕೀಯದ ಜಗಳಕ್ಕೆ ಬೇಸತ್ತು ಬರೆದರು ಅಂತ ಇನ್ನೊಂದು. ಊರಿನ ಸೂಲಗಿತ್ತಿ ಓಸಾ ಹೆಲ್ಗೆಸೆನ್ ಮೇಯರ್ ಆದರು. ನಾರ್ವೆಯ ಮೊದಲ ಮಹಿಳಾ ಮೇಯರ್ ಅವರೇ. ಅದಕ್ಕೆ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದದ್ದು ಅವರ ಗಂಡ. 1926ರಿಂದ 1928ರವರೆಗೆ ಆ ಕೌನ್ಸಿಲ್ ತನ್ನ ಪೂರ್ತಿ ಅವಧಿ ನಡೆಸಿತು. ತಮಾಷೆಗೆ ಆರಿಸಿದ್ದರೂ ಕೆಲಸ ತಮಾಷೆಯಾಗಿರಲಿಲ್ಲ: ಬಜೆಟ್, ಶಾಲೆ, ರಸ್ತೆ, ಬಡವರ ಪರಿಹಾರ. ಇಡೀ ದೇಶದಲ್ಲಿ ಹೆಂಗಸರಿಗೆ ಸ್ಥಳೀಯ ಚುನಾವಣೆಯಲ್ಲಿ ಸಮಾನ ಮತ ಸಿಕ್ಕಿದ್ದೇ 1910ರಲ್ಲಿ ಅನ್ನೋದನ್ನು ನೆನಪಿಟ್ಟುಕೊಂಡರೆ ಇದರ ತೂಕ ಗೊತ್ತಾಗುತ್ತದೆ.

ಇವತ್ತಿನ ಕಾನೂನಿನ ಪ್ರಕಾರ ಎಷ್ಟೇ ಸಣ್ಣ ಮುನಿಸಿಪಾಲಿಟಿ ಆದರೂ ಕೌನ್ಸಿಲ್‌ನಲ್ಲಿ ಕನಿಷ್ಠ 11 ಜನ ಇರಬೇಕು. ಅಂದರೆ ಉತ್ಸಿರಾದಲ್ಲಿ ವಯಸ್ಕರಲ್ಲಿ ಸುಮಾರು ಹದಿನೈದಕ್ಕೊಬ್ಬರು ಸದಸ್ಯರು. ಸ್ವಂತದ್ದೋ ಹತ್ತಿರದ ನೆಂಟರದ್ದೋ ವಿಷಯ ಬಂದರೆ ಸದಸ್ಯರು ಆ ಚರ್ಚೆಯಿಂದ ಎದ್ದು ಹೋಗಬೇಕು ಅಂತಲೂ ನಿಯಮ ಇದೆ. ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ರೀತಿ ನೆಂಟರಾಗಿರುವ ಊರಲ್ಲಿ ಯಾರದೋ ದೋಣಿಮನೆಗೆ ಪರವಾನಗಿ ಕೊಡುವ ಸಭೆಯನ್ನು ಊಹಿಸಿ! ಒಬ್ಬರು ಏಳುತ್ತಾರೆ, ಇನ್ನೊಬ್ಬರು ಏಳುತ್ತಾರೆ.

ನೀವು ‘ಹೇಗೆ ನಡೆಸುತ್ತಾರೆ’ ಅಂತ ಕೇಳಿದ್ದಕ್ಕೆ ಚಿಕ್ಕ ಉತ್ತರ: ಒಬ್ಬೊಬ್ಬರು ಎರಡು ಮೂರು ಕೆಲಸ ಮಾಡುತ್ತಾರೆ. ಇಂಥ ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವ ದಳ ಅಂತ ಪೂರ್ಣಾವಧಿ ನೌಕರರು ಇರೋದಿಲ್ಲ. ಬೇರೆ ಕೆಲಸದಲ್ಲಿರುವವರೇ ಕರೆ ಬಂದ ಕೂಡಲೇ ಓಡುತ್ತಾರೆ. ಮೇಷ್ಟ್ರು ಕೌನ್ಸಿಲ್‌ನಲ್ಲೂ ಇರಬಹುದು, ಕುರಿ ಸಾಕುವವರು ಮೀನಿಗೂ ಹೋಗಬಹುದು. ದ್ವೀಪದ ಬದುಕು ಅಂದರೆ ನೆಮ್ಮದಿ, ಮೌನ, ಸೂರ್ಯಾಸ್ತ ಅಂತ ಪ್ರವಾಸಿ ಪುಸ್ತಕಗಳು ಬರೆಯುವುದನ್ನು ನಾನು ಅಷ್ಟು ನಂಬುವುದಿಲ್ಲ. ನಗರದಲ್ಲಿ ಸಂಜೆ ಐದಕ್ಕೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಆಯಿತು. ಇಲ್ಲಿ ಸಂಜೆ ಸಭೆ ಇರುತ್ತದೆ.

ಅದರ ಮೇಲೆ ‘ದುಗ್ನಾಡ್’ ಇದೆ. ಇದು ನಾರ್ವೆಯ ಎಲ್ಲ ಕಡೆ ಇರುವ ಪದ್ಧತಿ. ಒಂದು ದಿನ ಗೊತ್ತು ಮಾಡಿ ಎಲ್ಲರೂ ಸೇರಿ ಶಾಲೆಯ ಅಂಗಳ ಚೊಕ್ಕ ಮಾಡುವುದು, ಸಮುದಾಯ ಭವನಕ್ಕೆ ಬಣ್ಣ ಹೊಡೆಯುವುದು, ಕಡಲತೀರದ ಪ್ಲಾಸ್ಟಿಕ್ ಹೆಕ್ಕುವುದು, ಆಮೇಲೆ ಒಟ್ಟಿಗೆ ಕಾಫಿ, ಕೇಕು. ಶಿರಸಿ ಕಡೆಯವರಿಗೆ ಮುಯ್ಯಾಳು ಗೊತ್ತಲ್ಲ, ಹೆಚ್ಚುಕಡಿಮೆ ಅದೇ ಜಾತಿಯದ್ದು. ಒಂದೇ ವ್ಯತ್ಯಾಸ ಅಂದರೆ ಮುಯ್ಯಿ ಒಬ್ಬರ ತೋಟದಿಂದ ಇನ್ನೊಬ್ಬರ ತೋಟಕ್ಕೆ ತಿರುಗುತ್ತದೆ, ದುಗ್ನಾಡ್ ಊರಿನ ಸ್ವತ್ತಿಗೆ ಮಾಡುವ ಕೆಲಸ. ಬರದೇ ಇದ್ದರೆ ದಂಡ ಏನಿಲ್ಲ, ಆದರೆ ಇನ್ನೂರು ಜನರಲ್ಲಿ ಯಾರು ಬಂದಿಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಹತ್ತನೇ ತರಗತಿ ಮುಗಿದ ಮೇಲೆ ಮಕ್ಕಳು ದ್ವೀಪ ಬಿಡಬೇಕು. ಮುಂದಿನ ಓದು ಹೌಗೆಸುನ್ ಕಡೆ. 16ರ ವಯಸ್ಸಿಗೇ ಕೋಣೆ ಬಾಡಿಗೆಗೆ ಹಿಡಿದು, ಅಡುಗೆ ತಾವೇ ಮಾಡಿಕೊಂಡು ಓದುತ್ತಾರೆ. ದ್ವೀಪದ ನಿಜವಾದ ಪ್ರಶ್ನೆ ಇರೋದು ಇಲ್ಲಿ. ಬಿರುಗಾಳಿಗೆ ಅವರು ಹೆದರುವುದಿಲ್ಲ. ಓದು ಮುಗಿಸಿದ ಹುಡುಗ ಹುಡುಗಿಯರಲ್ಲಿ ಎಷ್ಟು ಜನ ವಾಪಸ್ ಬರುತ್ತಾರೆ ಅನ್ನೋದೇ ಚಿಂತೆ. ಇನ್ನೂರರಲ್ಲಿ ಎರಡು ಸಂಸಾರ ಹೊರಟರೆ ಶಾಲೆಯ ಒಂದು ಬೆಂಚು ಖಾಲಿ. ಎರಡು ಸಂಸಾರ ಹೊಸದಾಗಿ ಬಂದರೆ ಅದೇ ದೊಡ್ಡ ಸುದ್ದಿ. ದಡಕ್ಕೆ ರಸ್ತೆ ಸಂಪರ್ಕ ಇಲ್ಲದ ದ್ವೀಪಗಳಿಗೆ ಫೆರಿಯನ್ನು ಉಚಿತ ಮಾಡುವ ನೀತಿಯನ್ನು ಸರ್ಕಾರ ಈಚೆಗೆ ತಂದದ್ದೂ ಇದೇ ಲೆಕ್ಕದಲ್ಲಿ.

ಕೆಲಸ ಹುಟ್ಟಿಸೋಕೆ ಹೊಸ ಪ್ರಯೋಗಗಳೂ ಆಗಿವೆ. 2004ರಲ್ಲಿ ನಾರ್ಸ್ಕ್ ಹೈಡ್ರೋ ಕಂಪನಿ ಇಲ್ಲಿ ತಲಾ 600 ಕಿಲೋವ್ಯಾಟ್‌ನ ಎರಡು ಗಾಳಿಯಂತ್ರ ನಿಲ್ಲಿಸಿತು. ಗಾಳಿ ಜಾಸ್ತಿ ಇದ್ದಾಗ ಉಳಿದ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿ ಟ್ಯಾಂಕಿನಲ್ಲಿ ತುಂಬುವುದು, ಗಾಳಿ ನಿಂತಾಗ ಆ ಹೈಡ್ರೋಜನ್ ಸುಟ್ಟು ಮತ್ತೆ ವಿದ್ಯುತ್ ಮಾಡುವುದು. ಹತ್ತು ಮನೆಗಳು ಈ ವ್ಯವಸ್ಥೆಯ ಮೇಲೆ ನಡೆದವು. ಇಂಥದ್ದು ಜಗತ್ತಿನಲ್ಲಿ ಮೊದಲ ಸಾಲಿನದ್ದು ಅಂತ ದೊಡ್ಡ ಹೆಸರಾಯಿತು. ತಾಂತ್ರಿಕವಾಗಿ ಗೆದ್ದಿತು, ವ್ಯಾಪಾರವಾಗಿ ಅಲ್ಲ. ವಿದ್ಯುತ್ತನ್ನು ಹೈಡ್ರೋಜನ್ ಮಾಡಿ ಮತ್ತೆ ವಿದ್ಯುತ್ ಮಾಡುವಷ್ಟರಲ್ಲಿ ಬಹುಪಾಲು ಶಕ್ತಿ ದಾರಿಯಲ್ಲೇ ಸೋರಿಹೋಗುತ್ತದೆ. ಕೆಲವು ವರ್ಷಕ್ಕೆ ಪ್ರಯೋಗ ಮುಗಿಯಿತು.

ಈಗಿನ ಮಾತು ಇನ್ನೂ ದೊಡ್ಡದು. ದ್ವೀಪದ ವಾಯವ್ಯಕ್ಕೆ ‘ಉತ್ಸಿರಾ ನೂರ್ಡ್’ ಎಂಬ ಕಡಲ ಪ್ರದೇಶವನ್ನು ತೇಲುವ ಗಾಳಿಯಂತ್ರಗಳಿಗೆ ಸರ್ಕಾರ ಗುರುತಿಸಿದೆ. ಮೊದಲ ಯೋಜನೆ 1,500 ಮೆಗಾವ್ಯಾಟ್‌ನದ್ದು. ಅದು ಹಲವು ಸಲ ಮುಂದಕ್ಕೆ ಹೋಗಿದೆ. ಬಂದರೆ ಯಂತ್ರ ನೋಡಿಕೊಳ್ಳುವ ಕೆಲಸ ದ್ವೀಪಕ್ಕೆ ಸಿಗಬಹುದು ಅಂತ ಆಸೆ. ಮೀನುಗಾರರಿಗೆ ಅಷ್ಟೇ ಆತಂಕ.

ಇಲ್ಲಿ ಒಂದು ವಿಚಿತ್ರ ಇದೆ. ಇನ್ನೂರು ಜನರ ಈ ಊರಿನ ಹೆಸರು ಜಗತ್ತಿನ ಇಂಧನ ವಲಯದವರಿಗೆಲ್ಲ ಪರಿಚಿತ. ನಾರ್ವೆಯ ದೊಡ್ಡ ತೈಲಕ್ಷೇತ್ರಗಳಲ್ಲಿ ಒಂದಾದ ಯೋಹಾನ್ ಸ್ವೆರ್ಡ್ರುಪ್ ಇರುವ ಸಮುದ್ರತಳದ ದಿಬ್ಬಕ್ಕೆ ‘ಉತ್ಸಿರಾ ದಿಬ್ಬ’ ಅಂತಲೇ ಹೆಸರು. ಅಲ್ಲಿ 2019ರಿಂದ ತೈಲ ಬರುತ್ತಿದೆ. ಸಮುದ್ರದಡಿಯ ‘ಉತ್ಸಿರಾ’ ಮರಳುಗಲ್ಲಿನ ಪದರದಲ್ಲಿ 1996ರಿಂದ ಸ್ಲೈಪ್ನರ್ ಅನಿಲಕ್ಷೇತ್ರದ ಇಂಗಾಲದ ಡೈಆಕ್ಸೈಡನ್ನು, ಬಹಳ ಕಾಲ ವರ್ಷಕ್ಕೆ ಸುಮಾರು 10 ಲಕ್ಷ ಟನ್‌ನಂತೆ, ತುಂಬಿಡುತ್ತಿದ್ದಾರೆ. ಹವಾಮಾನ ಬದಲಾವಣೆಯ ವಿಜ್ಞಾನಿಗಳು ಈ ಪದರದ ಬಗ್ಗೆ ಬರೆದಿದ್ದಕ್ಕೆ ಲೆಕ್ಕವಿಲ್ಲ. ಬ್ರಿಟನ್ನಿನ ರೇಡಿಯೋದಲ್ಲಿ ಹಡಗುಗಳಿಗೆ ಓದುವ ಹವಾಮಾನ ವರದಿಯಲ್ಲೂ 1984ರಿಂದ ಉತ್ತರ ಉತ್ಸಿರಾ, ದಕ್ಷಿಣ ಉತ್ಸಿರಾ ಅಂತ ಎರಡು ವಲಯ ಇವೆ. ಹೆಸರು ದ್ವೀಪದ್ದು, ತೈಲದ ಹಣ ಮಾತ್ರ ದೇಶದ ಖಜಾನೆಗೆ. ಆ ದಿಬ್ಬ ದ್ವೀಪದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಇದೆ, ಮುನಿಸಿಪಾಲಿಟಿಗೆ ಅದರಲ್ಲಿ ಬೇರೆ ಪಾಲಿಲ್ಲ.

ಹಾಗಾಗಿ ‘ದಡಕ್ಕೆ ಬಂದುಬಿಡಬಾರದಾ’ ಅನ್ನೋದಕ್ಕೆ ನನ್ನ ಉತ್ತರ: ಬರಬಹುದು, ಪ್ರತಿ ವರ್ಷ ಕೆಲವರು ಬರುತ್ತಲೂ ಇದ್ದಾರೆ. ಆದರೆ ಉಳಿದವರು ಬೇರೆ ದಾರಿಯಿಲ್ಲದೆ ಉಳಿದವರಲ್ಲ. ಶಾಲೆ, ಹಡಗು, ಆರೈಕೆ, ಇಂಟರ್‌ನೆಟ್ಟು ಇದ್ದರೆ ಅಲ್ಲಿರುವುದು ಒಂದು ಆಯ್ಕೆ. ಇವುಗಳಲ್ಲಿ ಒಂದು ತಪ್ಪಿದರೂ ಅದು ಹಟ ಆಗುತ್ತದೆ. ಹಟದ ಮೇಲೆ ಊರು ಜಾಸ್ತಿ ದಿನ ನಿಲ್ಲುವುದಿಲ್ಲ.

ಮಗಳನ್ನು ನೋಡೋಕೆ ಹೋದಾಗ ನೀವೂ ಹೋಗಿ ಬನ್ನಿ. ಸ್ಟವಾಂಗರ್‌ನಿಂದ ಹೌಗೆಸುನ್‌ಗೆ ಬಸ್ಸಿದೆ, ದಾರಿಯಲ್ಲಿ ಬಸ್ಸೇ ಫೆರಿ ಹತ್ತಿ ಫ್ಯೋರ್ಡ್ (ನೆಲದೊಳಗೆ ಚಾಚಿದ ಕಡಲ ತೋಳು) ದಾಟುತ್ತದೆ. ದ್ವೀಪದಲ್ಲಿ 18ನೇ ಶತಮಾನದ ಮರದ ಚರ್ಚು, ಜೋಡಿ ಗೋಪುರ, ಗೋಡೆಗಳ ಮೇಲೆ ಕಲಾವಿದರು ಬರೆದ ಚಿತ್ರಗಳನ್ನು ನೋಡಬಹುದು. ಹಕ್ಕಿಗಳ ಹುಚ್ಚಿದ್ದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯ ಕಾಲ. ಸಮುದ್ರದ ಮೇಲೆ ಗಾಳಿಗೆ ಸಿಕ್ಕ ವಲಸೆ ಹಕ್ಕಿಗಳಿಗೆ ಕಾಲೂರಲು ಸಿಗುವ ನೆಲ ಇದು, 300ಕ್ಕೂ ಹೆಚ್ಚು ಜಾತಿಗಳು ಇಲ್ಲಿ ದಾಖಲಾಗಿವೆ. ಸೈಬೀರಿಯಾದಿಂದ ಆಗ್ನೇಯ ಏಷ್ಯಾ ಕಡೆ ಹೋಗಬೇಕಾದ ಹಳದಿ ಹುಬ್ಬಿನ ಪುಟ್ಟ ಉಲಿಯಕ್ಕಿ ಕೂಡ ಕಲ್ಲುಗೋಡೆಯ ಪಕ್ಕದ ಪೊದೆಯಲ್ಲಿ ಕಾಣಸಿಗುತ್ತದೆ. ಆದರೆ ಅದೇ ಬಿರುಗಾಳಿಯ ಕಾಲವೂ ಹೌದು. ಮಳೆ ಅಂಗಿ, ಉಣ್ಣೆಯ ಟೋಪಿ ಇರಲಿ, ಕೊಡೆ ಬೇಡ, ಅಲ್ಲಿನ ಗಾಳಿಗೆ ಅದು ನಿಲ್ಲುವುದಿಲ್ಲ. ಭಾರತಕ್ಕೆ ವಾಪಸ್ ಹೊರಡುವ ವಿಮಾನದ ಹಿಂದಿನ ದಿನವಂತೂ ಈ ಪ್ರವಾಸ ಇಟ್ಟುಕೊಳ್ಳಬೇಡಿ. ಫೆರಿ ನಿಂತರೆ ನೀವು ದ್ವೀಪದಲ್ಲೇ ಉಳಿಯಬೇಕಾಗುತ್ತದೆ, ತಪ್ಪಿಹೋದ ವಿಮಾನದ ಟಿಕೆಟ್ ಹಣ ಯಾರೂ ವಾಪಸ್ ಕೊಡುವುದಿಲ್ಲ.